ಸ್ಪ್ರಿಂಗ್ ಬಿಚ್ಚಿದ ಯಂತ್ರ

ಶಾಲೆಗೆ ಕೊಡಬೇಕಾದ ಮುನ್ನೂರು ಚೀಲಗಳಲ್ಲಿ ಮೊದಲ ಹನ್ನೊಂದು ಕೆಟ್ಟವು. ಬೀದಿಯಲ್ಲಿ ಹೋಗುವವರ ಕಣ್ಣಿಗೆ ಬೀಳುವಂಥ ಕೇಡೇನಲ್ಲ. 'ಓದುವ ಕೋಣೆ' ಎಂಬ ನೀಲಿ ಅಕ್ಷರಗಳ ನೆತ್ತಿಯಲ್ಲಿ ತೆಳ್ಳಗೆ ನೆರಳು ಬಿದ್ದು, ಪ್ರತಿಯೊಂದು ತಲಕಟ್ಟೂ ಎರಡೆರಡಾಗಿ ಕಾಣುತ್ತಿತ್ತು, ಅಷ್ಟೆ. ಆದರೆ ಕೆಟ್ಟದ್ದನ್ನು ಕೆಟ್ಟದ್ದೆಂದು ಮೊದಲು ಒಪ್ಪಿಕೊಳ್ಳಬೇಕಾದವರು ಅದನ್ನು ಮಾಡಿದವರೇ ಹೊರತು ಕೊಂಡವರಲ್ಲ. ಅಕ್ಕ ಆ ಹನ್ನೊಂದನ್ನೂ ಅಂಚಿಗೆ ಅಂಚು ಸೇರಿಸಿ ಮಡಿಸಿ, ಕಿಟಕಿಯ ಕೆಳಗೆ ಬೇರೆಯಾಗಿ ಇಟ್ಟಳು.

ಕಾರಣ ಅವಳಿಗೆ ಗೊತ್ತಿತ್ತು. ಮಹಡಿಯ ಮೇಲಿನ ಆ ಕೋಣೆಯಲ್ಲಿ, ಹಳೆಯ ಬಾಗಿಲೊಂದನ್ನು ನಾಲ್ಕು ಗಟ್ಟಿ ಕಾಲುಗಳ ಮೇಲೆ ಮಲಗಿಸಿ ಮಾಡಿದ ಮೇಜಿನ ಮೇಲೆ, ಇಪ್ಪತ್ತಮೂರು ವರ್ಷಗಳಿಂದ ಸ್ಕ್ರೀನ್ ಪ್ರಿಂಟಿಂಗ್ ನಡೆದಿತ್ತು. ಮರದ ಚೌಕಟ್ಟಿಗೆ ತೆಳುವಾದ ಜಾಲರಿ ಬಟ್ಟೆಯನ್ನು ಬಿಗಿದಿರುತ್ತಾರೆ. ಅದರಲ್ಲಿ ಅಕ್ಷರಗಳಿರುವ ಕಡೆ ಮಾತ್ರ ಬಣ್ಣ ಇಳಿಯುತ್ತದೆ. ಚೌಕಟ್ಟನ್ನು ಚೀಲದ ಮೇಲಿಟ್ಟು, ರಬ್ಬರ್ ಪಟ್ಟಿಯಿಂದ ಬಣ್ಣವನ್ನು ಆಚಿನಿಂದ ಈಚೆಗೆ ಒಂದೇ ಉಸಿರಿನಲ್ಲಿ ಎಳೆಯಬೇಕು. ಎಳೆದ ಕೂಡಲೇ ಚೌಕಟ್ಟು ನೆಟ್ಟಗೆ ಮೇಲೇಳಬೇಕು. ಈಚಿನ ಅಂಚನ್ನು ಒಬ್ಬರು, ಆಚಿನ ಅಂಚನ್ನು ಇನ್ನೊಬ್ಬರು ಹಿಡಿದು ಒಟ್ಟಿಗೆ ಎತ್ತಿದರೆ ಅಕ್ಷರ ಅಕ್ಷರವಾಗಿಯೇ ಉಳಿಯುತ್ತದೆ. ಒಂದೇ ಕಡೆಯಿಂದ ಎತ್ತಿದರೆ ಇನ್ನೊಂದು ಅಂಚು ಹಸಿ ಬಣ್ಣದ ಮೇಲೆ ಕೂದಲೆಳೆಯಷ್ಟು ಜಾರುತ್ತದೆ; ತಲಕಟ್ಟು ಎರಡಾಗುತ್ತದೆ.

ಅಕ್ಕ ಬಣ್ಣ ಎಳೆಯುವವಳು. ಎಳೆದು ಮುಗಿಸಿ "ಎತ್ತು" ಎನ್ನುವಳು. ಮೇಜಿನ ಆಚೆ ನಿಂತ ತಂಗಿ "ಎದ್ದಿತು" ಎನ್ನುವಳು. ದಿನಕ್ಕೆ ಇನ್ನೂರು ಸಲ ಎತ್ತು, ಇನ್ನೂರು ಸಲ ಎದ್ದಿತು. "ಹೀಗೆ ದಿನಾ ಎತ್ತು ಎತ್ತು ಅಂತ ಕೂಗ್ತಿರು, ಕೆಳಗಿನ ಮನೆಯವ್ರು ನಾವು ಗಾಡಿ ಕಟ್ತೀವಿ ಅಂದ್ಕೊಂಡಿದ್ದಾರೆ" ಎಂದು ತಂಗಿ ನಗುತ್ತಿದ್ದಳು. ಅಕ್ಕನಿಗೆ 'ಸ್ಕೇಲಕ್ಕ' ಎಂದು ಹೆಸರಿಟ್ಟವಳೂ ಅವಳೇ. ಪ್ರತಿ ಚೀಲದ ಅಂಚಿನಿಂದ ಅಕ್ಷರಕ್ಕೆ ಎಷ್ಟು ದೂರವೆಂದು ಅಕ್ಕ ಸ್ಕೇಲ್ ಇಟ್ಟು ನೋಡುತ್ತಿದ್ದಳು. ಬಣ್ಣದಂಗಡಿಯಿಂದ ಹಿಡಿದು ಕಾಗದದಂಗಡಿಯವರೆಗೆ ಆ ಹೆಸರು ಹಬ್ಬಿತ್ತು.

ಈಗ ಹದಿನಾಲ್ಕು ತಿಂಗಳಿಂದ ಮೇಜಿನ ಆಚೆ ಯಾರೂ ಇರಲಿಲ್ಲ. ಖಾಲಿ ಬಿದ್ದ ಜಾಗಕ್ಕೆ ವಸ್ತುಗಳು ತಾವಾಗಿಯೇ ಬಂದು ಸೇರುತ್ತವೆ. ಮಡಿಸಿದ ಟವೆಲು, ಕರೆಂಟು ಬಿಲ್ಲು, ಒಂದು ಕಾಲು ಮುರಿದ ಕನ್ನಡಕ, ಮುಚ್ಚಳ ಕಳೆದ ಡಬ್ಬಿಗಳು. ಅಕ್ಕ ಅವನ್ನು ಯಾವಾಗ ಅಲ್ಲಿ ಇಟ್ಟಳೆಂದು ಅವಳಿಗೇ ನೆನಪಿರಲಿಲ್ಲ. ಹನ್ನೊಂದು ಕೆಟ್ಟ ಮೇಲೆ ಚೌಕಟ್ಟಿನ ಆಚಿನ ಅಂಚಿಗೆ ಬಾಗಿಲಿನ ಕೀಲುಗಳನ್ನು ಹೊಡೆದು ನೋಡಿದಳು. ಅಂಚು ಜಾರುವುದು ನಿಂತಿತು, ಆದರೆ ಎತ್ತಿದ ಚೌಕಟ್ಟು ಮೇಲೆ ನಿಲ್ಲದೆ ದಬಾರನೆ ಬೀಳುತ್ತಿತ್ತು. ಎಡಗೈಯಲ್ಲಿ ಅದನ್ನು ಹಿಡಿದುಕೊಂಡು ಬಲಗೈಯಲ್ಲಿ ಹಸಿ ಚೀಲವನ್ನು ಎಳೆದುಕೊಂಡು ಹೊಸದನ್ನು ಹಾಸಬೇಕು. ಅಷ್ಟರಲ್ಲಿ ಜಾಲರಿಯ ಕಣ್ಣುಗಳಲ್ಲಿ ಬಣ್ಣ ಒಣಗಿ ಕೂರುವುದು. ದಿನಕ್ಕೆ ಇಪ್ಪತ್ತು ಚೀಲವಾದರೆ ಹೆಚ್ಚು. ಶಾಲೆಯವರು ಕೊಟ್ಟಿದ್ದು ಎಂಟು ದಿನ.

ಇದಕ್ಕಿಂತ ಚಿಕ್ಕದಾದ, ಆದರೆ ಅವಳನ್ನು ಹೆಚ್ಚು ಕಾಡಿದ ತೊಂದರೆ ಇನ್ನೊಂದಿತ್ತು. ಕೆಲಸ ಮುಗಿದ ಮೇಲೆ ಸೀಮೆಎಣ್ಣೆಯಲ್ಲಿ ಕೈ ಒರೆಸಿ, ಸೋಪು ಹಚ್ಚಿ ತೊಳೆದರೂ ಮೊಣಕೈಯ ಹಿಂಭಾಗ ತನಗೆ ಕಾಣುವುದಿಲ್ಲ. "ಅಲ್ಲಿ ಇನ್ನೂ ಇದೆ ನೋಡು, ಮೇಲೆ, ಇನ್ನೂ ಮೇಲೆ, ಹಾಂ" ಎಂದು ಹೇಳಲು ಇನ್ನೊಂದು ಜೊತೆ ಕಣ್ಣು ಬೇಕು. ಹದಿನಾಲ್ಕು ತಿಂಗಳಿಂದ ಅವಳು ಮೊಣಕೈಯಲ್ಲಿ ಒಂದಲ್ಲ ಒಂದು ಬಣ್ಣ ಹೊತ್ತುಕೊಂಡೇ ಊರೆಲ್ಲ ತಿರುಗುತ್ತಿದ್ದಳು. ಒಮ್ಮೆ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ತನ್ನ ಸೆರಗನ್ನು ಮೆಲ್ಲಗೆ ಆಚೆ ಎಳೆದುಕೊಂಡಾಗಲೇ ಅವಳಿಗೆ ಅದು ತಿಳಿದದ್ದು.

ತಂಗಿ ಹೋದದ್ದಕ್ಕೆ ಕಾರಣ ಒಂದು ಸುಳ್ಳು. ಆ ಸುಳ್ಳು ಅಕ್ಕನದೂ ಅಲ್ಲ, ತಂಗಿಯದೂ ಅಲ್ಲ, ಚೀಲದ ವ್ಯಾಪಾರಿಯೊಬ್ಬನದು. ಅವನು ಸಾವಿರ ಚೀಲಗಳನ್ನು ತಂದು, ಅವುಗಳ ಮೇಲೆ 'ನೂರಕ್ಕೆ ನೂರು ಹತ್ತಿ' ಎಂದು ಅಚ್ಚು ಹಾಕಿಕೊಡಿ ಎಂದಿದ್ದ. ಅಕ್ಕ ಮನೆಯಲ್ಲಿ ಇರಲಿಲ್ಲ. ತಂಗಿ ಒಪ್ಪಿಕೊಂಡು, ಅಕ್ಷರ ಕೂರಿಸಿ, ಚೌಕಟ್ಟು ಸಿದ್ಧಮಾಡಿ ಇಟ್ಟಿದ್ದಳು. ಅಕ್ಕ ಬಂದು ಚೀಲವನ್ನು ಮುಟ್ಟಿದವಳೇ ಅಂಚಿನಿಂದ ಒಂದು ನೂಲು ಕಿತ್ತು, ಬೆಂಕಿಕಡ್ಡಿ ಗೀರಿದಳು. ಹತ್ತಿಯ ನೂಲು ಕಾಗದದಂತೆ ಉರಿದು ಬೂದಿಯಾಗುತ್ತದೆ. ಈ ನೂಲು ಮುದುರಿಕೊಂಡು, ಕರಗಿ, ಕೊನೆಗೆ ಸಾಸಿವೆಯಷ್ಟು ದೊಡ್ಡ ಕಪ್ಪು ಮಣಿಯಾಗಿ ಗಟ್ಟಿಯಾಯಿತು.

"ಎಲ್ರೂ ಹಾಕ್ತಾರೆ ಮೇಡಂ, ನೀವೊಬ್ರೇ ಬಿಟ್ರೆ ಏನಾಗತ್ತೆ?" ಎಂದ, ಅಚ್ಚು ನೋಡಲು ಬಂದು ಕೂತಿದ್ದ ವ್ಯಾಪಾರಿ.

ಸುಳ್ಳು ಹೇಳುವವರು ಅದನ್ನು ಸುಳ್ಳೆಂದು ಎಂದಿಗೂ ಕರೆಯುವುದಿಲ್ಲ. ಎಲ್ಲರೂ ಮಾಡುವುದು ಎಂದು ಕರೆಯುತ್ತಾರೆ. ಹೇಳುವವನೊಬ್ಬ, ಕೊಳ್ಳುವವರು ಸಾವಿರ ಮಂದಿ, ನಡುವೆ ಅದನ್ನು ಅಂದವಾದ ಅಕ್ಷರದಲ್ಲಿ ಅಚ್ಚು ಹಾಕಿಕೊಡುವ ಕೈಯೊಂದು ಇಲ್ಲದೆ ಹೋದರೆ ಆ ಸುಳ್ಳು ಅವನ ಬಾಯಿಯಲ್ಲೇ ಸಾಯಬೇಕಾಗುತ್ತದೆ. ಅಕ್ಕನಿಗೆ ಇದು ಗೊತ್ತಿತ್ತು. ಅವಳು ಬ್ಲೇಡು ತೆಗೆದುಕೊಂಡು ಜಾಲರಿ ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಸೀಳಿದಳು. ಅಲ್ಲಿಯವರೆಗೆ ಅವಳು ಮಾಡಿದ್ದೆಲ್ಲ ಸರಿ. ಆಮೇಲೆ ಅವಳು ವ್ಯಾಪಾರಿಯ ಕಡೆಗಲ್ಲ, ಮೇಜಿನ ಆಚೆ ನಿಂತಿದ್ದ ತಂಗಿಯ ಕಡೆಗೆ ತಿರುಗಿ, "ಕಳ್ಳಿ" ಎಂದಳು. ಹೊರಗಿನವನೊಬ್ಬನ ಮುಂದೆ.

ತಂಗಿ ಸೀಳಿದ ಚೌಕಟ್ಟಿನ ಆಚಿನ ಅಂಚನ್ನು ಇನ್ನೂ ಹಿಡಿದುಕೊಂಡೇ ಇದ್ದಳು. "ಆಯ್ತು" ಎಂದಷ್ಟೇ ಹೇಳಿ ಅದನ್ನು ಕೆಳಗಿಟ್ಟಳು. ಅಂದು ಬಣ್ಣ ಮುಟ್ಟದಿದ್ದರೂ ಎಂದಿನಂತೆ ಮೊಣಕೈಯವರೆಗೆ ಕೈ ತೊಳೆದುಕೊಂಡಳು. ಮಾರನೆಯ ಬೆಳಿಗ್ಗೆ ಬಟ್ಟೆಯ ಚೀಲ ಹಿಡಿದು ಮೆಟ್ಟಿಲಿಳಿದು ಹೋದಳು.

ತಾನು ಮಾಡಿದ್ದು ಸರಿ ಎಂದು ಅಕ್ಕ ಆ ಹದಿನಾಲ್ಕು ತಿಂಗಳೂ ದಿನಕ್ಕೊಮ್ಮೆಯಾದರೂ ತನಗೆ ತಾನೇ ಹೇಳಿಕೊಂಡಳು. ಸರಿಯಾಗಿರುವವರ ಮನೆ ಇಷ್ಟು ನಿಶ್ಶಬ್ದವಾಗಿರುತ್ತದೆ ಎಂದು ಮಾತ್ರ ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ.

ಹನ್ನೊಂದು ಚೀಲ ಕೆಟ್ಟ ದಿನ ಮಧ್ಯಾಹ್ನವೇ ಅವಳು ಬಣ್ಣದಂಗಡಿಗೆ ಹೊರಟಳು. ಮನೆಯಲ್ಲೇ ಇಟ್ಟುಕೊಳ್ಳಬಹುದಾದ ಹೊಸ ಯಂತ್ರವೊಂದು ಅಲ್ಲಿ ಬಂದಿದೆಯೆಂದು ಕಾಗದದಂಗಡಿಯಲ್ಲಿ ಕೇಳಿದ್ದಳು. ಕೈಯಲ್ಲಿ ಹಣವಿತ್ತು, ಒಬ್ಬಳಿಗೆ ಖರ್ಚೇನು? ಯಂತ್ರ ಬೇಕೋ ಬೇಡವೋ ಎಂಬುದಷ್ಟೇ ತೀರ್ಮಾನವಾಗಬೇಕಿತ್ತು.

ಬಣ್ಣದಂಗಡಿ ಉದ್ದನೆಯ, ಕತ್ತಲೆಯ, ಥಿನ್ನರ್ ವಾಸನೆಯ ಒಂದು ಕೋಣೆ. ಪ್ರತಿ ಡಬ್ಬಿಯ ಮುಚ್ಚಳಕ್ಕೂ ಒಳಗಿನ ಬಣ್ಣದ ಒಂದು ಬೊಟ್ಟು ಇಟ್ಟಿರುವುದರಿಂದ ಗೋಡೆಯೆಲ್ಲ ಸಿಡುಬು ಎದ್ದಂತೆ ಕಾಣುತ್ತಿತ್ತು. ಅಂಗಡಿಯವರು ಅರವತ್ತು ದಾಟಿದವರು. ಈ ಕೆಲಸದವರೆಲ್ಲ ಅವರನ್ನು ಬಣ್ಣದಣ್ಣ ಎಂದೇ ಕರೆಯುತ್ತಿದ್ದರು.

"ಬಾರಮ್ಮ ಸ್ಕೇಲಕ್ಕ. ಮೊಣಕೈ ನೀಲಿಯಾಗಿದೆ. ಆರ್ಡರ್ ಬಂದಿರಬೇಕು."

ಅಕ್ಕ ಮೊಣಕೈಯನ್ನು ಮರೆಮಾಡಿಕೊಂಡಳು. "ಯಂತ್ರ ತೋರಿಸಿ ಅಣ್ಣ. ಕೊಳ್ಳೋದು ಬಿಡೋದು ಆಮೇಲೆ."

ಯಂತ್ರ ಬಾಗಿಲ ಪಕ್ಕದಲ್ಲೇ ಇತ್ತು. ಮೇಜಿಗೆ ಬಿಗಿಯುವ ಕಬ್ಬಿಣದ ಅಡಿ, ಬಟ್ಟೆ ಹಾಸುವ ನುಣುಪಾದ ಹಲಗೆ, ಹಿಂದೆ ಕೀಲಿರುವ ಒಂದು ತೋಳು, ತೋಳಿನ ಬುಡದಲ್ಲಿ ಹೊಳೆಯುವ ಎರಡು ಸ್ಪ್ರಿಂಗುಗಳು. ಮೇಲೆ ಕೆಂಪು ರಟ್ಟಿನ ಫಲಕ: 'ಮನೆಯಲ್ಲೇ ಮುದ್ರಣ! ಒಬ್ಬರೇ ಸಾಕು!'

"ಒಬ್ಬರೇ ಸಾಕು ಅಂತ ಬರೆದು ಮುಂದೆ ಅದೇನು ಗೆರೆ ಚುಕ್ಕಿ?" ಎಂದಳು ಅಕ್ಕ. "ಅದೇನು ಸಂತೋಷದ ವಿಷಯನಾ?"

"ಕಂಪನಿಯವ್ರು ಬರೆದದ್ದಮ್ಮ. ನನ್ನ ಕೈಗೆ ಬಂದಾಗ್ಲೇ ಹಾಗಿತ್ತು. ಎಳೆದು ನೋಡು."

ಅವರು ಒಂದು ಚಿಂದಿ ಬಟ್ಟೆ ಹಾಸಿ, ಚೌಕಟ್ಟು ಇಳಿಸಿ, ಸ್ವಲ್ಪ ಕಪ್ಪು ಬಣ್ಣ ಸುರಿದರು. ಅಕ್ಕ ರಬ್ಬರ್ ಪಟ್ಟಿ ಹಿಡಿದು, ಉಸಿರು ಕಟ್ಟಿ, ಎಳೆದಳು. ಪಟ್ಟಿ ಈಚೆಗೆ ಬಂದು ಕೈಯ ಭಾರ ಕಡಿಮೆಯಾದದ್ದೇ ತಡ, ಚೌಕಟ್ಟು ತಾನಾಗಿಯೇ ಟಕ್ಕೆಂದು ಮೇಲೆದ್ದು ಅವಳ ಮೂಗಿನ ತುದಿಯನ್ನು ಸವರಿಕೊಂಡು ಹೋಯಿತು.

"ಎತ್ತು" ಎಂದಳು ಅಕ್ಕ.

ಎದ್ದ ಚೌಕಟ್ಟು ಎದ್ದೇ ಇತ್ತು. ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿದರು. ಬಣ್ಣದಣ್ಣ ಒಂದು ಚಿಂದಿ ತುದಿಯನ್ನು ಥಿನ್ನರಿನಲ್ಲಿ ಅದ್ದಿ ಅವಳ ಕೈಗೆ ಕೊಟ್ಟು, ತಮ್ಮ ಮೂಗನ್ನು ಮುಟ್ಟಿ ತೋರಿಸಿದರು.

"ಹೇಳೋ ಅಷ್ಟರಲ್ಲಿ ಎದ್ದುಬಿಡತ್ತೆ" ಎಂದಳು ಅಕ್ಕ, ಮೂಗು ಒರೆಸಿಕೊಳ್ಳುತ್ತ. ದೂರು ಹೇಳುವವಳಂತೆ.

"ಅದೇ ಅಲ್ವಾ ಅದರ ಗುಣ? ಅಚ್ಚು ನೋಡು."

ಅಚ್ಚು ಚೊಕ್ಕವಾಗಿತ್ತು. ಒಂದು ಅಕ್ಷರಕ್ಕೆ ಒಂದೇ ತಲಕಟ್ಟು. ತಪ್ಪು ಹುಡುಕಲೆಂದೇ ಅವಳು ಬಟ್ಟೆಯನ್ನು ಬಾಗಿಲ ಬೆಳಕಿಗೆ ಹಿಡಿದಳು, ಸಿಗಲಿಲ್ಲ. ಯಂತ್ರ ಹೇಳಿದ ಮಾತನ್ನು ಉಳಿಸಿಕೊಂಡಿತ್ತು. ಸುಳ್ಳಾಡಿದ್ದರೆ ಅವಳಿಗೆ ಎಷ್ಟೋ ಸುಲಭವಾಗುತ್ತಿತ್ತು.

"ಹೊಸದು ಬೇಡ ಅಂದ್ರೆ ಒಳಗೆ ಇನ್ನೊಂದಿದೆ" ಎಂದರು ಬಣ್ಣದಣ್ಣ. ಎಂದವರು ಯಾಕೋ ಅವಳ ಮುಖ ನೋಡಲಿಲ್ಲ. "ಯಾರೋ ಮಾರಿಕೊಡಿ ಅಂತ ಇಟ್ಟು ಹೋಗಿದ್ದಾರೆ. ಹೆಚ್ಚು ಬಳಸಿಲ್ಲ."

ಒಳಗಿನ ಯಂತ್ರ ಅದೇ ಬಗೆಯದು. ಧೂಳು ಕೂತಿತ್ತು. ಅದಕ್ಕೂ ಬಣ್ಣದಣ್ಣ ತಮ್ಮ ಕೈಯಿಂದ ಒಂದು ರಟ್ಟು ಬರೆದು ಕಟ್ಟಿದ್ದರು: 'ಹೆಚ್ಚು ಬಳಸದ ಯಂತ್ರ. ಒಬ್ಬರೇ ಸಾಕು.' ಅಕ್ಕ ಅಭ್ಯಾಸದಂತೆ ಹಲಗೆಯ ಅಂಚಿಗೆ ಬಾಗಿ, ಬಟ್ಟೆಯನ್ನು ಎಲ್ಲಿಗೆ ಹೊಂದಿಸಬೇಕೆಂದು ಗುರುತು ಹಾಕಿದ್ದಾರೆಯೇ ಎಂದು ನೋಡಿದಳು. ಎಲ್ಲರೂ ಮೂಲೆಗೆರೆ ಹಾಕುತ್ತಾರೆ. ಇಲ್ಲಿ ಎರಡು ಮೂಲೆಗಳಲ್ಲಿ ಪೆನ್ಸಿಲಿನಿಂದ ಎರಡು ಪುಟ್ಟ ಮೀನುಗಳಿದ್ದವು. ಒಂದರ ಬಾಲ ಚೀಲದ ಅಂಚಿಗೆ, ಇನ್ನೊಂದರ ಮೂತಿ ಚೀಲದ ಮೂಲೆಗೆ.

'ಗುರುತು ಅಂದ್ರೆ ಗೆರೆ ಕಣೇ, ಮೀನಲ್ಲ' ಎಂದು ಇಪ್ಪತ್ತೆರಡು ವರ್ಷ ಬೈದು ಸೋತಿದ್ದವಳು ಅಕ್ಕ. 'ಗೆರೆ ನೋಡ್ತಾ ನೋಡ್ತಾ ನಿನ್ನ ಮುಖಾನೇ ಗೆರೆ ಆಗಿದೆ, ಮೀನು ನೋಡಿ ಸ್ವಲ್ಪ ನಗು' ಎಂದು ಉತ್ತರ ಬರುತ್ತಿತ್ತು.

ಅಕ್ಕನಿಗೆ ಬೆನ್ನು ನೆಟ್ಟಗೆ ಮಾಡಲು ಸ್ವಲ್ಪ ಹೊತ್ತು ಹಿಡಿಯಿತು.

"ಇಟ್ಟವರ ಹೆಸರು ಹೇಳಬಾರದು ಅಂದಿದ್ದಾರೆ" ಎಂದರು ಬಣ್ಣದಣ್ಣ.

"ಹೇಳಬೇಡಿ. ಇದರ ಸ್ಪ್ರಿಂಗ್ ಎಲ್ಲಿ?"

ಅವರು ಕಪಾಟಿನಿಂದ ಒಂದು ಬಟ್ಟೆಯ ಗಂಟು ತೆಗೆದುಕೊಟ್ಟರು. ಎರಡು ಸ್ಪ್ರಿಂಗುಗಳನ್ನೂ ಒರೆಸಿ, ಎಣ್ಣೆ ಹಚ್ಚಿ, ಜೋಪಾನವಾಗಿ ಸುತ್ತಿಟ್ಟಿದ್ದರು.

"ಬಿಚ್ಚಿದ್ದು ಯಾಕೆ?"

"ಹೇಳೋ ಅಷ್ಟರಲ್ಲಿ ಎದ್ದುಬಿಡತ್ತಂತೆ." ಅವರು ಈಗ ಅವಳನ್ನು ನೇರವಾಗಿ ನೋಡಿದರು. "ನೀನು ಈಗ ಹೇಳಿದ್ಯಲ್ಲ, ಅದೇ ಮಾತು. ಇನ್ನೊಂದು ಮಾತೂ ಅಂದ್ರು. ಅದು ಎದ್ದಾಗಲೆಲ್ಲ ನನ್ನ ಕೆಲಸ ನಾನೇ ಎದುರಿಗೆ ನಿಂತು ನೋಡಿದ ಹಾಗಾಗತ್ತೆ ಅಣ್ಣ, ನನಗೆ ಬೇಡ, ಅಂತ. ಬಿಚ್ಚಿಹಾಕಿ ಒಂದು ಕೈಯಲ್ಲಿ ಎತ್ತಿ ಹಿಡ್ಕೊಂಡು ನಾಲ್ಕು ತಿಂಗಳು ಒದ್ದಾಡಿದ್ರು. ಈಗ ದರ್ಜಿ ಅಂಗಡೀಲಿ ಗುಂಡಿ ಹೊಲೀತಾರೆ."

"ಆ ಚೀಲದ ವ್ಯಾಪಾರಿ ಹತ್ರ ಕೆಲಸಕ್ಕೆ ಸೇರಿಲ್ವಾ ಅವಳು?"

"ನಾನು ಹೆಸರು ಹೇಳಿಲ್ಲ ನೋಡು ಮತ್ತೆ."

"ಅಣ್ಣ."

"ಒಂದು ದಿನಾನೂ ಅವನ ಬಾಗಿಲು ತುಳಿದಿಲ್ಲಮ್ಮ."

"ಮತ್ತೆ ಅವತ್ತು ಆ ಆರ್ಡರ್ ಯಾಕೆ ಒಪ್ಕೊಂಡ್ಳು? ಅದು ಹತ್ತಿ ಅಲ್ಲ ಅಂತ ಗೊತ್ತಿರಲಿಲ್ವಾ ಅವಳಿಗೆ?"

ಬಣ್ಣದಣ್ಣ ಡಬ್ಬಿಯೊಂದರ ಮುಚ್ಚಳವನ್ನು ಅಂಗೈಯಿಂದ ಗುದ್ದಿ ಮುಚ್ಚಿದರು. "ಅದನ್ನ ನನ್ನ ಕೇಳ್ತೀಯಾ?"

ಅಕ್ಕ ಏನನ್ನೂ ಕೊಳ್ಳದೆ, ಮೂರು ದಿನ ಬಿಟ್ಟು ಹೇಳುತ್ತೇನೆಂದು ಹೊರಬಂದಳು. ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು. ಅವಳು ನಿಲ್ದಾಣದಲ್ಲಿ ನಿಂತೇ ಇದ್ದಳು. ಅಂದು ಅವಳು ನೂಲನ್ನು ಸುಟ್ಟು ನೋಡಿದ್ದಳು. ತಂಗಿಯನ್ನು ಒಂದು ಮಾತು ಕೇಳಿ ನೋಡಿರಲಿಲ್ಲ. ಚೀಲದ ಬಟ್ಟೆ ಎಂಥದ್ದೆಂದು ಪರೀಕ್ಷಿಸಲು ಒಂದು ಬೆಂಕಿಕಡ್ಡಿ ಖರ್ಚು ಮಾಡಿದವಳು, ಇಪ್ಪತ್ತೆರಡು ವರ್ಷ ಎದುರಿಗೆ ನಿಂತವಳನ್ನು 'ನಿನಗೆ ಗೊತ್ತಿತ್ತಾ' ಎಂದು ಕೇಳಲು ಒಂದು ಉಸಿರನ್ನೂ ಖರ್ಚು ಮಾಡಲಿಲ್ಲ. ಸತ್ಯದ ಪರವಾಗಿ ನಿಂತವರಿಗೆ ವಿಚಾರಿಸದೆ ತೀರ್ಪು ಕೊಡುವ ಅಧಿಕಾರ ಬರುವುದಿಲ್ಲ. ಶಾಲೆಯಲ್ಲಿ ಶಿಕ್ಷೆ ಕೊಡುವ ಮುಂಚೆ ಮಗುವಿನ ಮಾತು ಕೇಳಬೇಕೆಂಬುದನ್ನು ಒಪ್ಪುವವರೇ ಮನೆಯಲ್ಲಿ ಅದನ್ನು ಮರೆಯುತ್ತಾರೆ. ಮರೆತು, ಅದನ್ನು ನಿಷ್ಠುರತೆಯೆಂದು ಕರೆದು ಹೆಮ್ಮೆಪಡುತ್ತಾರೆ. ವ್ಯಾಪಾರಿ ಸುಳ್ಳಿಗೆ ಬೇರೆ ಹೆಸರಿಟ್ಟಿದ್ದ. ಅಕ್ಕನೂ ತನ್ನ ತಪ್ಪಿಗೆ ಬೇರೆ ಹೆಸರನ್ನೇ ಇಟ್ಟುಕೊಂಡಿದ್ದಳು.

ಮಾರನೆಯ ದಿನ ಅವಳು ಕೆಟ್ಟ ಚೀಲವೊಂದನ್ನು ತೆಗೆದುಕೊಂಡು ಶಾಲೆಗೆ ಹೋದಳು. ಮಕ್ಕಳು 'ದೊಡ್ಡ ಟೀಚರ್' ಎನ್ನುತ್ತಿದ್ದ ಮುಖ್ಯೋಪಾಧ್ಯಾಯಿನಿ ಚೀಲವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಚೆನ್ನಾಗಿದೆಯಲ್ರೀ. ಏನಾಗಿದೆ ಇದಕ್ಕೆ?"

"ತಲಕಟ್ಟು ನೋಡಿ. ಎರಡಿದೆ."

ಅವರು ಕನ್ನಡಕ ಹಾಕಿಕೊಂಡು ನೋಡಿದರು. "ಹೌದಲ್ವಾ. ಅಯ್ಯೋ, ಬಿಡಿ, ಮಕ್ಕಳಿಗೆಲ್ಲಿ ಗೊತ್ತಾಗತ್ತೆ."

"ಅಕ್ಷರ ಕಲಿಯೋಕೆ ಬರೋ ಮಕ್ಕಳು ಮೇಡಂ ಅವರು. ಅವರಿಗೆ ಗೊತ್ತಾಗಲ್ಲ ಅಂತ ನಾನು ಎರಡು ತಲಕಟ್ಟು ಕೊಡೋದು, ಅವರಿಗೆ ಗೊತ್ತಾಗಲ್ಲ ಅಂತ ನೀವು ತಗೊಳ್ಳೋದು, ಇದು ಆಗೋ ಮಾತಲ್ಲ. ಇನ್ನು ಹದಿನೈದು ದಿನ ಹೆಚ್ಚಿಗೆ ಕೊಡಿ. ಸರಿಯಾದದ್ದು ಕೊಡ್ತೀನಿ. ಬೇರೆಯವರಿಗೆ ಕೊಡ್ತೀನಿ ಅಂದ್ರೆ ಖಾಲಿ ಚೀಲ ಇವತ್ತೇ ವಾಪಸ್ ತಂದಿಡ್ತೀನಿ."

ದೊಡ್ಡ ಟೀಚರ್ ಕನ್ನಡಕ ತೆಗೆದು ನಕ್ಕರು. "ನೀವು ನಮ್ಮ ಶಾಲೇಲಿ ಇರಬೇಕಿತ್ತು. ಇದ್ದಿದ್ರೆ ನಾನು ದಿನಾ ರಜೆ ಹಾಕ್ತಿದ್ದೆ. ಹದಿನೈದು ದಿನ ತಗೊಳ್ಳಿ. ನಿಮ್ಮ ತಂಗಿ ಬರಲಿಲ್ವಾ? ಹೋದ ಸಲ ಬಂದಾಗ ಇಡೀ ಸ್ಟಾಫ್ ರೂಮನ್ನ ನಗಿಸಿಟ್ಟಿದ್ರು."

"ಅವಳು ಈಗ ಬೇರೆ ಕೆಲಸ ಮಾಡ್ತಿದ್ದಾಳೆ" ಎಂದಳು ಅಕ್ಕ. ಅದು ಸುಳ್ಳಲ್ಲ. ಆದರೂ ಅವಳು ದೊಡ್ಡ ಟೀಚರ್ ಮುಖ ನೋಡದೆ ಕೆಟ್ಟ ಚೀಲವನ್ನು ಮಡಿಸಿಕೊಂಡಳು.

ದಿನ ಹೆಚ್ಚು ಸಿಕ್ಕಿತೆಂದು ಯಂತ್ರದ ಪ್ರಶ್ನೆ ಮುಗಿಯಲಿಲ್ಲ. ಈ ಆರ್ಡರಿನ ಹಿಂದೆ ಇನ್ನೊಂದು ಬರುತ್ತದೆ. ಇಪ್ಪತ್ತು ಚೀಲದ ವೇಗದಲ್ಲಿ ಯಾವ ಕೆಲಸವೂ ಬಹಳ ದಿನ ನಡೆಯುವುದಿಲ್ಲ. ಮನೆಗೆ ಬಂದವಳು ಸ್ಕೇಲ್ ತೆಗೆದುಕೊಂಡು ಮೇಜಿನ ಅಳತೆ ತೆಗೆದಳು. ಹೊಸ ಯಂತ್ರದ ಅಡಿಯನ್ನು ಎಲ್ಲಿ ಬಿಗಿಯುವುದು? ಈಚೆ ತಾನು ನಿಲ್ಲಬೇಕು. ಎಡಕ್ಕೆ ಗೋಡೆ, ಬಲಕ್ಕೆ ಒಣಗುವ ಚೀಲಗಳ ಹಗ್ಗ. ಉಳಿದದ್ದು ಆಚೆಯ ಬದಿ. ಅವಳು ಅಂಗಡಿಯಲ್ಲಿ ಮನಸ್ಸಿನಲ್ಲೇ ತೆಗೆದಿಟ್ಟುಕೊಂಡ ಅಳತೆಯಂತೆ ಸೀಮೆಸುಣ್ಣದಿಂದ ಮೇಜಿನ ಮೇಲೆ ಚೌಕ ಬರೆದಳು. ಅಡಿ ಅಲ್ಲಿ ಕೂತರೆ ತೋಳಿನ ಕೀಲು ಹಿಂದಕ್ಕೆ ಚಾಚುತ್ತದೆ. ಆಚೆ ಒಬ್ಬರು ನಿಲ್ಲಲು ಜಾಗ ಉಳಿಯುವುದಿಲ್ಲ.

ಅವಳು ಮೇಜನ್ನು ಸುತ್ತಿ ಆಚೆ ಹೋಗಿ ನಿಂತಳು. ಆ ಬದಿಯಿಂದ ಅವಳು ಆ ಕೋಣೆಯನ್ನು ಎಂದೂ ನೋಡಿರಲಿಲ್ಲ. ಅಲ್ಲಿಂದ ಕಿಟಕಿ ಕಾಣುವುದಿಲ್ಲ; ಹಗ್ಗವೂ ಕಾಣುವುದಿಲ್ಲ. ಕಾಣುವುದು ಬಣ್ಣ ಎಳೆಯುವವರು ನಿಲ್ಲುವ ಜಾಗವೊಂದೇ. ಇಪ್ಪತ್ತೆರಡು ವರ್ಷ ತಂಗಿ ನೋಡಿದ್ದು ಇದನ್ನೇ: ತಗ್ಗಿಸಿದ ತಲೆ, ಬಿಗಿದ ತುಟಿ, ಮತ್ತೆ ಒಂದು ಅಪ್ಪಣೆ. ಮೇಜಿನ ಅಂಚಿನಲ್ಲಿ, ಎರಡು ಕೈಗಳು ಊರುತ್ತಿದ್ದ ಕಡೆ, ಮರ ನುಣುಪಾಗಿ ತಗ್ಗಾಗಿತ್ತು. ಅಕ್ಕ ತನ್ನ ಕೈಗಳನ್ನು ಅಲ್ಲಿ ಇಟ್ಟಳು. ಅವಳ ಬೆರಳುಗಳಿಗೆ ಆ ತಗ್ಗು ಸ್ವಲ್ಪ ದೊಡ್ಡದಾಯಿತು.

ಮೂರನೆಯ ದಿನ ಅವಳು ಬಣ್ಣದಂಗಡಿಗೆ ಹೋದಳು.

"ಯಂತ್ರ ಬೇಡ ಅಣ್ಣ. ಎರಡೂ ಬೇಡ."

"ಯೋಚನೆ ಮಾಡಿದ್ಯಾ? ಒಬ್ಬಳೇ ಎಷ್ಟು ದಿನ ಅಂತ ಹೆಣಗ್ತೀಯ?"

"ಆದಷ್ಟು ದಿನ. ಅದಿರ್ಲಿ, ಒಳಗಿರೋ ಯಂತ್ರದ ಮೇಲೆ ನೀವು ಬರೆದಿರೋದು ಸುಳ್ಳು."

ಬಣ್ಣದಣ್ಣ ಬೆಚ್ಚಿದರು. "ಏನಮ್ಮ?"

"ಒಬ್ಬರೇ ಸಾಕು ಅಂತ ಬರೆದಿದ್ದೀರಿ. ಅದಕ್ಕೆ ಸ್ಪ್ರಿಂಗ್ ಇಲ್ಲ. ಸ್ಪ್ರಿಂಗ್ ಇಲ್ಲದೆ ಒಬ್ಬರಿಂದ ಆಗಲ್ಲ. ಇಟ್ಟವರೇ ನಾಲ್ಕು ತಿಂಗಳು ಒದ್ದಾಡಿದ್ದಾರೆ. ಗೊತ್ತಿದ್ದೂ ಹಾಗೆ ಬರೆದು ಮಾರೋದು ಮೋಸ."

"ಸ್ಪ್ರಿಂಗ್ ಗಂಟಿನಲ್ಲಿ ಇದೆಯಲ್ಲಮ್ಮ, ಹಾಕ್ಕೊಂಡ್ರಾಯ್ತು."

"ಹಾಗಂತ ಬರೆದಿದ್ದೀರಾ? ಇಲ್ಲ. ಒಂದು ರಟ್ಟು ಕೊಡಿ. ಸ್ಕೇಲ್ ಕೊಡಿ."

ಬಣ್ಣದಣ್ಣ ಕಪಾಟಿನಿಂದ ರಟ್ಟು, ಸ್ಕೇಲ್ ತೆಗೆದು ಕೊಟ್ಟರು. ಅಕ್ಕ ನಿಂತೇ ಪೆನ್ಸಿಲಿನಿಂದ ಎರಡೆರಡು ಗೆರೆ ಎಳೆದು, ಅವುಗಳ ನಡುವೆ ಕಪ್ಪು ಬಣ್ಣದಲ್ಲಿ, ಒಂದಕ್ಕಿಂತ ಒಂದು ಹೆಚ್ಚೂ ಕಡಿಮೆಯಾಗದಂತೆ ಅಕ್ಷರ ಬರೆದಳು: 'ಸ್ಪ್ರಿಂಗ್ ಬಿಚ್ಚಿದೆ. ಒಬ್ಬರಿಂದ ಆಗದು. ಇಬ್ಬರು ಬೇಕು.' ಬಣ್ಣ ಆರಿದ ಮೇಲೆ ಪೆನ್ಸಿಲಿನ ಗೆರೆಗಳನ್ನು ಉಜ್ಜಿ ಅಳಿಸಿದಳು. ಒಳಗೆ ಹೋಗಿ ಹಳೆಯ ರಟ್ಟನ್ನು ಬಿಚ್ಚಿ ಹೊಸದನ್ನು ಮೀನುಗಳ ಪಕ್ಕದಲ್ಲೇ ಕಟ್ಟಿದಳು.

"ಇದನ್ನ ನೋಡಿದ ಮೇಲೆ ಯಾರು ತಗೋತಾರೆ ಹೇಳು?"

"ನಿಜ ಓದಿ ಬಿಟ್ಟು ಹೋಗೋರು ಹೋಗ್ಲಿ. ಇಟ್ಟವರು ಬಂದಾಗ ತೋರಿಸಿ. ಅವರಿಗೆ ಒಪ್ಪಿಗೆ ಇಲ್ಲ ಅಂದ್ರೆ ಕಿತ್ತು ಹಾಕ್ಲಿ."

ಮುಂದಿನ ವಾರವೆಲ್ಲ ಅವಳು ದಿನಕ್ಕೆ ಇಪ್ಪತ್ತು ಚೀಲದಂತೆ ಅಚ್ಚು ಹಾಕಿದಳು. ಎಳೆದಳು, ಎಡಗೈಯಲ್ಲಿ ಎತ್ತಿ ಹಿಡಿದಳು, ಬಲಗೈಯಲ್ಲಿ ಚೀಲ ಬದಲಿಸಿದಳು. ಪ್ರತಿ ಸಲವೂ ಬಾಯಿಗೆ ಬರುತ್ತಿದ್ದ ಆ ಒಂದು ಮಾತನ್ನು ಹೇಳಲೂ ಆಗದೆ ನುಂಗಲೂ ಆಗದೆ, ತುಟಿಯಲ್ಲೇ ಇಟ್ಟುಕೊಂಡಳು. ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾದರೆ ರಬ್ಬರ್ ಪಟ್ಟಿಯನ್ನು ನಡುವೆಯೇ ನಿಲ್ಲಿಸುತ್ತಿದ್ದಳು. ಬಣ್ಣ ಎಳೆಯುವಾಗ ನಡುವೆ ನಿಲ್ಲಿಸಬಾರದೆಂದು ಜಗತ್ತಿಗೆಲ್ಲ ಪಾಠ ಹೇಳಿದವಳು ಅವಳು. ಹಾಗೆ ನಿಲ್ಲಿಸಿ ಎರಡು ಚೀಲ ಕೆಟ್ಟವು. ಅವೂ ಕಿಟಕಿಯ ಕೆಳಗೆ ಹೋದವು. ಹೆಜ್ಜೆಗಳು ಒಮ್ಮೆ ಹಾಲಿನವನವು, ಒಮ್ಮೆ ಕೆಳಗಿನ ಮನೆಯವರವು.

ಏಳನೆಯ ದಿನ ನೀಲಿ ಬಣ್ಣ ಇನ್ನೂ ಅರ್ಧ ಡಬ್ಬಿ ಇರುವಾಗಲೇ ಅವಳು ಬಣ್ಣ ಮುಗಿದಿದೆಯೆಂದು ತನಗೆ ತಾನೇ ಹೇಳಿಕೊಂಡು ಅಂಗಡಿಗೆ ಹೊರಟಳು. ನಿಲ್ದಾಣ ತಲುಪುವಷ್ಟರಲ್ಲಿ ಅದು ಸುಳ್ಳೆಂದು ಒಪ್ಪಿಕೊಂಡಳು. ಒಪ್ಪಿಕೊಂಡೂ ಬಸ್ಸು ಹತ್ತಿದಳು.

ಬಣ್ಣದಣ್ಣ ಅವಳನ್ನು ಕಂಡದ್ದೇ ಹೆಬ್ಬೆರಳಿನಿಂದ ಒಳಗಿನ ಕೋಣೆಯನ್ನು ತೋರಿಸಿದರು.

ಯಂತ್ರ ಅಲ್ಲೇ ಇತ್ತು. ಅದರ ಮೇಲಿನ ಧೂಳನ್ನು ಯಾರೋ ಒರೆಸಿದ್ದರು. ರಟ್ಟು ಅಲ್ಲೇ ಇತ್ತು. ಅವಳ ಮೂರು ಸಾಲಿನ ಕೆಳಗೆ ಪೆನ್ಸಿಲಿನಲ್ಲಿ, ಎಡದಿಂದ ಬಲಕ್ಕೆ ಬೆಟ್ಟ ಹತ್ತುವಂತೆ ಏರಿಹೋದ ಅಕ್ಷರಗಳು: 'ಸ್ಕೇಲ್ ಇಟ್ಟು ಬರೆದ ಹಾಗಿದೆ.'

ಅಷ್ಟೇ. ರಟ್ಟಿನ ಹಿಂದೆ ತಿರುಗಿಸಿ ನೋಡಿದಳು, ಏನೂ ಇರಲಿಲ್ಲ.

ಅಕ್ಕ ಅದನ್ನು ಓದಿದಳು. ಮತ್ತೊಮ್ಮೆ ಓದಿದಳು. ಹದಿನಾಲ್ಕು ತಿಂಗಳ ಮೇಲೆ ಯಾರೋ ಅವಳನ್ನು ಛೇಡಿಸಿದ್ದರು. ಊರಿನವರು ಗೌರವ ಕೊಡುತ್ತಿದ್ದರು, ಶಾಲೆಯವರು ಮೆಚ್ಚುತ್ತಿದ್ದರು, ಅಂಗಡಿಯವರು ಹೆದರುತ್ತಿದ್ದರು. ಛೇಡಿಸಲು ಮಾತ್ರ ಯಾರೂ ಇರಲಿಲ್ಲ. ಅವಳ ಮುಖದ ಗೆರೆಗಳು ಎತ್ತ ಹೋಗಬೇಕೆಂದು ತಿಳಿಯದೆ ಒಂದು ಕ್ಷಣ ಒದ್ದಾಡಿದವು.

"ಯಾವಾಗ ಬಂದಿದ್ಳು?"

"ಮೊನ್ನೆ. ನಿಂತ್ಕೊಂಡು ಓದಿದ್ರು. ಪೆನ್ಸಿಲ್ ಕೇಳಿದ್ರು. ಬರೆದು, ಯಂತ್ರ ಒರೆಸಿ, ಹೊರಟುಹೋದ್ರು."

"ಏನಾದ್ರೂ ಹೇಳಿದ್ಳಾ?"

"ಇಲ್ಲಮ್ಮ." ಅವರು ರಟ್ಟನ್ನು ನೆಟ್ಟಗೆ ಸರಿಸಿದರು. "ಮಾರೋದು ಬೇಡ ಅಂತಾನೂ ಹೇಳಲಿಲ್ಲ. ಮಾರಿ ಅಂತಾನೂ ಹೇಳಲಿಲ್ಲ."

ಅಕ್ಕ ಪೆನ್ಸಿಲ್ ತೆಗೆದುಕೊಂಡಳು. ಬಣ್ಣದಣ್ಣ ಸ್ಕೇಲನ್ನು ಮುಂದಕ್ಕೆ ಚಾಚಿದರು. ಅವಳು ಅದನ್ನು ಮುಟ್ಟಲಿಲ್ಲ. ರಟ್ಟಿನಲ್ಲಿ ಉಳಿದಿದ್ದ ಜಾಗ ಎರಡು ಬೆರಳಿನಷ್ಟು. ಗೆರೆ ಎಳೆಯದೆ, ಅಳತೆ ನೋಡದೆ ಬರೆದಳು: 'ಅವತ್ತು ಕೇಳದೆ ಹಾಗೆ ಅಂದದ್ದು ನನ್ನ ತಪ್ಪು.' ಮೊದಲ ಅಕ್ಷರ ದೊಡ್ಡದಾಯಿತು. ಕೊನೆಯ ಹೊತ್ತಿಗೆ ಜಾಗ ಸಾಲದೆ ಸಾಲು ಕೆಳಕ್ಕೆ ಬಾಗಿ, 'ತಪ್ಪು' ಎಂಬುದು ರಟ್ಟಿನ ಅಂಚಿಗೆ ಒತ್ತಿಕೊಂಡು ನಿಂತಿತು.

"ಸೊಟ್ಟಗಾಗಿದೆಯಲ್ಲ ಸ್ಕೇಲಕ್ಕ" ಎಂದರು ಬಣ್ಣದಣ್ಣ ಮೆಲ್ಲಗೆ.

"ಇರ್ಲಿ. ಓದೋಕೆ ಬರತ್ತೆ ತಾನೆ?"

ಮನೆಗೆ ಬಂದು ಅವಳು ಮೇಜಿನ ಮೇಲಿನ ಸೀಮೆಸುಣ್ಣದ ಚೌಕವನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಆಚೆಯ ಬದಿಯಲ್ಲಿದ್ದ ಟವೆಲು, ಬಿಲ್ಲು, ಕನ್ನಡಕ, ಡಬ್ಬಿಗಳನ್ನು ಒಂದೊಂದಾಗಿ ತೆಗೆದು ಅವುಗಳ ಜಾಗಕ್ಕೆ ಸೇರಿಸಿದಳು. ನುಣುಪಾದ ಆ ಎರಡು ತಗ್ಗುಗಳು ಬೆಳಕಿಗೆ ಬಂದವು. ಆಮೇಲೆ ಈಚೆ ಬಂದು ನಿಂತು ಸಂಜೆಯವರೆಗೆ ಚೀಲಗಳಿಗೆ ಅಚ್ಚು ಹಾಕಿದಳು. ಇಪ್ಪತ್ತು ಆಗಬೇಕಾದ ಕಡೆ ಹದಿನೇಳಾದವು. ಹದಿನೇಳಕ್ಕೂ ಒಂದೊಂದೇ ತಲಕಟ್ಟು.

ಬೆಳಕು ಇಳಿದಾಗ ಕೈ ತೊಳೆಯಲು ಹೋದಳು. ಸೀಮೆಎಣ್ಣೆಯಲ್ಲಿ ಅದ್ದಿದ ಚಿಂದಿಯನ್ನು ಮೊಣಕೈಯ ಹಿಂದಕ್ಕೆ ಒಯ್ದು, ಕಾಣದ ಜಾಗವನ್ನು ಅಂದಾಜಿನ ಮೇಲೆ ಉಜ್ಜಿದಳು. ಮೇಲೆ, ಇನ್ನೂ ಮೇಲೆ. ಹೋಯಿತೋ ಇಲ್ಲವೋ ಹೇಳುವವರು ಇನ್ನೂ ಬಂದಿರಲಿಲ್ಲ. ಅವಳು ಕೈಯನ್ನು ಹಾಗೆಯೇ ಎತ್ತಿ ಹಿಡಿದುಕೊಂಡು, ಮೆಟ್ಟಿಲ ಕಡೆಯ ಬಾಗಿಲನ್ನು ನೋಡುತ್ತ, ಸ್ವಲ್ಪ ಹೊತ್ತು ನಿಂತಳು.